ಮನೆಬಳಕೆಯ ಎಡಿಎಸ್-ಬಿ ರಿಸೀವರ್

ಹಾರುತ್ತಿರುವ ವಿಮಾನಗಳು ತಾವಾಗಿಯೇ ಬಿತ್ತರಿಸುವ ಎಡಿಎಸ್-ಬಿ ಸಂಕೇತಗಳನ್ನು ಹಿಡಿದು, ಅವುಗಳ ಸ್ಥಾನ, ಎತ್ತರ, ವೇಗ ಮತ್ತು ದಿಕ್ಕನ್ನು ಕೂಡಲೇ ನಕ್ಷೆಯ ಮೇಲೆ ತೋರಿಸುವ ರೇಡಿಯೊ ಸಾಧನ. ಆಂಟೆನಾ, ಯುಎಸ್‌ಬಿ ಟ್ಯೂನರ್ ಮತ್ತು ರಾಸ್ಪ್‌ಬೆರಿ ಪೈನಂಥ ಸಣ್ಣ ಕಂಪ್ಯೂಟರ್ ಇದರ ಮುಖ್ಯ ಅಂಗಗಳು. ರೇಡಾರ್‌ನಂತೆ ಇದು ಅಲೆಗಳನ್ನು ಹೊರಸೂಸುವುದಿಲ್ಲ. ಬಂದದ್ದನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೆ.

ಸಂಕೇತದ ಸ್ವರೂಪ

ವಿಮಾನವು ಜಿಪಿಎಸ್‌ನಂಥ ಉಪಗ್ರಹ ವ್ಯವಸ್ಥೆಯಿಂದ ತನ್ನ ಸ್ಥಾನವನ್ನು ಅರಿತು, ಅದನ್ನು ಟ್ರಾನ್ಸ್‌ಪಾಂಡರ್ ಮೂಲಕ 1090 ಮೆಗಾಹರ್ಟ್ಸ್ ಆವರ್ತನದಲ್ಲಿ ಸಾರುತ್ತದೆ. ಪ್ರತಿ ಸಂದೇಶ 112 ಬಿಟ್‌ಗಳದು. 8 ಮೈಕ್ರೊಸೆಕೆಂಡುಗಳ ಪೀಠಿಕೆಯೂ ಸೇರಿ 120 ಮೈಕ್ರೊಸೆಕೆಂಡುಗಳಲ್ಲಿ ಮುಗಿಯುತ್ತದೆ. ಸ್ಥಾನ ಮತ್ತು ವೇಗದ ಸಂದೇಶಗಳು ಸೆಕೆಂಡಿಗೆ ಸುಮಾರು ಎರಡು ಬಾರಿ, ಗುರುತಿನ ಸಂದೇಶ ಸುಮಾರು ಐದು ಸೆಕೆಂಡಿಗೊಮ್ಮೆ ಹೊರಡುತ್ತವೆ. ವಿಮಾನದ 24 ಬಿಟ್‌ಗಳ ವಿಳಾಸ ಪ್ರತಿಯೊಂದರಲ್ಲೂ ಇರುತ್ತದೆ. ನೆಲದ ನಿಯಂತ್ರಣ ಕೇಂದ್ರಗಳಿಗಷ್ಟೇ ಅಲ್ಲದೆ ಸುತ್ತಲಿನ ವಿಮಾನಗಳಿಗೂ ತಿಳಿಯಬೇಕಾದ ಮಾಹಿತಿಯಾದ್ದರಿಂದ ಇದಕ್ಕೆ ಗೂಢಲಿಪಿಯಿಲ್ಲ. ಈ ಮುಕ್ತತೆಯೇ ಮನೆಯ ರಿಸೀವರ್‌ಗೆ ಆಧಾರ. ಅಮೆರಿಕದಲ್ಲಿ 18,000 ಅಡಿಗಿಂತ ಕೆಳಗೆ ಹಾರುವ ವಿಮಾನಗಳು 978 ಮೆಗಾಹರ್ಟ್ಸ್ ಆವರ್ತನವನ್ನೂ ಬಳಸಬಹುದು.

ಬೆಳವಣಿಗೆ

ಮೊದಲು ಇಂಥ ರಿಸೀವರ್‌ಗಳು ದುಬಾರಿಯಾಗಿದ್ದವು. ಕಂಪ್ಯೂಟರಿನಲ್ಲಿ ಡಿಜಿಟಲ್ ಟಿವಿ ನೋಡಲು ಮಾರುತ್ತಿದ್ದ ಅಗ್ಗದ ಡಾಂಗಲ್‌ಗಳ ರಿಯಲ್‌ಟೆಕ್ ಚಿಪ್, ಆರ್‌ಟಿಎಲ್2832ಯು, ರೇಡಿಯೊ ಅಲೆಯ ಮಾದರಿಗಳನ್ನು ಸಂಸ್ಕರಿಸದೆಯೇ ಕಂಪ್ಯೂಟರಿಗೆ ಕೊಡಬಲ್ಲದು ಎಂಬುದು 2012ರಲ್ಲಿ ಹವ್ಯಾಸಿಗಳಲ್ಲಿ ಹರಡಿತು. ಉಳಿದ ಕೆಲಸ ತಂತ್ರಾಂಶದ್ದಾಯಿತು. ರೆಡಿಸ್ ದತ್ತಸಂಚಯದ ಕರ್ತೃ ಸಾಲ್ವತೋರೆ ಸಾನ್‌ಫಿಲಿಪ್ಪೊ ಬರೆದ ಮುಕ್ತ ತಂತ್ರಾಂಶ ‘ಡಂಪ್1090’ ಈ ಹವ್ಯಾಸಕ್ಕೆ ತಳಹದಿಯಾಯಿತು.

ಅಳವಡಿಕೆ

ಫಲಿತಾಂಶವನ್ನು ನಿರ್ಧರಿಸುವುದು ಕಂಪ್ಯೂಟರಿನ ಬಲಕ್ಕಿಂತ ಹೆಚ್ಚಾಗಿ ಆಂಟೆನಾ ಇರುವ ಜಾಗ. ಈ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುವುದರಿಂದ ಗೋಡೆ, ಗುಡ್ಡ, ಭೂಮಿಯ ಬಾಗು ಎಲ್ಲವೂ ಅಡ್ಡಿಯೇ. 10 ಮೀಟರ್ ಎತ್ತರದ ಆಂಟೆನಾಕ್ಕೆ 10 ಕಿ.ಮೀ. ಎತ್ತರದ ವಿಮಾನ ಲೆಕ್ಕದ ಪ್ರಕಾರ ಸುಮಾರು 425 ಕಿ.ಮೀ. ದೂರದಿಂದ ಕೇಳಿಸಬೇಕು. ಬಯಲುಸೀಮೆಯ ತಾರಸಿಯಿಂದ ಸಿಗುವಷ್ಟು ವ್ಯಾಪ್ತಿ ಪಶ್ಚಿಮ ಘಟ್ಟದ ಕಣಿವೆಯ ಮನೆಗೆ ಸಿಗದು.

1090 ಮೆಗಾಹರ್ಟ್ಸ್ ಅಲೆಯ ಉದ್ದ 27.5 ಸೆಂ.ಮೀ. ಆದ್ದರಿಂದ ಅದರ ಕಾಲುಭಾಗದ, ಅಂದರೆ ಸುಮಾರು 6.9 ಸೆಂ.ಮೀ. ಉದ್ದದ, ನೆಟ್ಟಗೆ ನಿಂತ ತಂತಿಯೂ ಕೆಲಸ ಮಾಡುತ್ತದೆ. ಕೇಬಲ್ ಉದ್ದವಾದಷ್ಟೂ ಸಂಕೇತ ಸೊರಗುತ್ತದೆ. ಟ್ಯೂನರನ್ನು ಆಂಟೆನಾದ ಹತ್ತಿರವೇ ಇಟ್ಟು, ದತ್ತಾಂಶವನ್ನು ನೆಟ್‌ವರ್ಕ್ ಮೂಲಕ ಮನೆಯೊಳಗೆ ತರುವುದು ಮೇಲು. ಮೊಬೈಲ್ ಟವರ್‌ಗಳ ಪ್ರಬಲ ಅಲೆಗಳು ಟ್ಯೂನರನ್ನು ಕಂಗೆಡಿಸುವ ನಗರಗಳಲ್ಲಿ 1090 ಮೆಗಾಹರ್ಟ್ಸ್ ಫಿಲ್ಟರ್ ಬೇಕಾಗುತ್ತದೆ. ವರ್ಧಕ ಬಳಸುವುದಾದರೆ ಅದು ಆಂಟೆನಾದ ತುದಿಯಲ್ಲಿರಬೇಕು. ಹೊರಗಿನ ಕನೆಕ್ಟರ್‌ಗಳಿಗೆ ಮಳೆನೀರು ಇಳಿಯದಂತೆ ಮುಚ್ಚಿಗೆ, ಕಂಬಕ್ಕೆ ಸಿಡಿಲಿನಿಂದ ರಕ್ಷಣೆಗಾಗಿ ಅರ್ಥಿಂಗ್ ಅತ್ಯಗತ್ಯ.

ಸ್ಥಾನದ ಲೆಕ್ಕ

ಬಿಟ್‌ಗಳನ್ನು ಉಳಿಸಲು ವಿಮಾನ ತನ್ನ ಅಕ್ಷಾಂಶ-ರೇಖಾಂಶಗಳನ್ನು ಪೂರ್ತಿಯಾಗಿ ಕಳಿಸುವುದಿಲ್ಲ. ‘ಸಮ’ ಮತ್ತು ‘ಬೆಸ’ ಎಂಬ ಎರಡು ಬಗೆಯ ಸಂದೇಶಗಳನ್ನು ಸರದಿಯಂತೆ ಕಳಿಸುತ್ತದೆ. ಇವೆರಡನ್ನೂ ಸೇರಿಸಿ ತಂತ್ರಾಂಶ ನಿಜವಾದ ಸ್ಥಾನವನ್ನು ಕಂಡುಹಿಡಿಯುತ್ತದೆ. ರಿಸೀವರ್ ಇರುವ ಜಾಗವನ್ನು ಮೊದಲೇ ನಮೂದಿಸಿದ್ದರೆ ಒಂದೇ ಸಂದೇಶ ಸಾಕಾಗಬಹುದು. ಫಲಿತಾಂಶವನ್ನು ಬ್ರೌಸರಿನಲ್ಲಿ ನೋಡಲು ‘ಟಾರ್1090’ನಂಥ ನಕ್ಷೆಗಳಿವೆ.

ಮಿತಿಗಳು

ವಿಮಾನ ಹೇಳಿದ್ದಷ್ಟೇ ರಿಸೀವರ್‌ಗೆ ಗೊತ್ತು. ಜಿಪಿಎಸ್‌ಗೆ ಅಡಚಣೆಯಾದರೆ ನಕ್ಷೆಯ ಸ್ಥಾನವೂ ತಪ್ಪಬಹುದು. ಸೇನಾ ವಿಮಾನಗಳು ಪ್ರಸಾರವನ್ನೇ ನಿಲ್ಲಿಸಿರಬಹುದು. ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗಿದೆ. ಭಾರತದಲ್ಲಿ 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ರೇಡಿಯೊ ಸಾಧನವನ್ನು ಇಟ್ಟುಕೊಳ್ಳುವುದನ್ನೂ ಪರವಾನಗಿಯ ವ್ಯಾಪ್ತಿಗೆ ತಂದಿತ್ತು. ಅಳವಡಿಸುವ ಮುನ್ನ ಜಾರಿಯಲ್ಲಿರುವ ನಿಯಮಗಳನ್ನು ತಿಳಿಯಬೇಕು.

ಜಾಲಗಳು

ಸ್ವೀಡನ್ನಿನ ಫ್ಲೈಟ್‌ರಾಡಾರ್24, ಅಮೆರಿಕದ ಫ್ಲೈಟ್‌ಅವೇರ್, ಸಂಶೋಧನೆಗೆ ದತ್ತಾಂಶ ಒದಗಿಸುವ ಸ್ವಿಟ್ಜರ್ಲೆಂಡಿನ ಓಪನ್‌ಸ್ಕೈ ಮೊದಲಾದ ಜಾಲಗಳು ಮನೆಮನೆಯ ರಿಸೀವರ್‌ಗಳಿಂದಲೇ ಬೆಳೆದವು. ತನ್ನ ಸ್ಥಾನವನ್ನು ತಿಳಿಸದ ಟ್ರಾನ್ಸ್‌ಪಾಂಡರಿನ ಸಂಕೇತವನ್ನು ನಾಲ್ಕು ಅಥವಾ ಹೆಚ್ಚು ರಿಸೀವರ್‌ಗಳು ಹಿಡಿದರೆ, ಅದು ತಲಪಿದ ಸಮಯಗಳ ವ್ಯತ್ಯಾಸದಿಂದ ವಿಮಾನವಿರುವ ಜಾಗವನ್ನು ಲೆಕ್ಕ ಹಾಕಬಹುದು. ರೇಡಿಯೊ ಅಲೆ ಮೈಕ್ರೊಸೆಕೆಂಡಿಗೆ ಸುಮಾರು 300 ಮೀಟರ್ ಸಾಗುವುದರಿಂದ ಗಡಿಯಾರಗಳ ಹೊಂದಾಣಿಕೆ ಇಲ್ಲಿ ನಿರ್ಣಾಯಕ. 2015ರ ಮಾರ್ಚ್ 24ರಂದು ಫ್ರಾನ್ಸಿನ ಆಲ್ಪ್ಸ್‌ನಲ್ಲಿ ಜರ್ಮನ್‌ವಿಂಗ್ಸ್ ವಿಮಾನ ಪತನವಾಗಿ 150 ಮಂದಿ ಸತ್ತಾಗ, ಆಟೊಪೈಲಟ್‌ಗೆ ನಿಗದಿಪಡಿಸಿದ್ದ ಎತ್ತರ 38,000 ಅಡಿಯಿಂದ ಸುಮಾರು 100 ಅಡಿಗೆ ಬದಲಾದದ್ದು ಫ್ಲೈಟ್‌ರಾಡಾರ್24 ಸಂಗ್ರಹಿಸಿದ್ದ ಸಂಕೇತಗಳಲ್ಲೇ ದಾಖಲಾಗಿತ್ತು. ಎತ್ತರದಲ್ಲಿರುವ ವಿಮಾನವನ್ನು ದೂರದ ರಿಸೀವರ್‌ಗಳೂ ಹಿಡಿಯುತ್ತವೆ; ಕೆಳಕ್ಕಿಳಿದದ್ದು ಹತ್ತಿರದವುಗಳಿಗೆ ಮಾತ್ರ ಸಿಗುತ್ತದೆ. ಹಾಗಾಗಿ ರಿಸೀವರ್ ಇಲ್ಲದ ಊರಿನಲ್ಲಿ ಹೊಸದಾಗಿ ನಿಲ್ಲಿಸಿದ ಒಂದು ಆಂಟೆನಾ ಇಡೀ ಜಾಲದ ನೋಟವನ್ನು ಹಿಗ್ಗಿಸುತ್ತದೆ.