ದಂಡವಿಲ್ಲದ ಒಪ್ಪಂದವೊಂದು ವಿಷದ ಡಬ್ಬಿಯನ್ನು ತಡೆದ ಕಥೆ

ನಮ್ಮ ಹಳ್ಳಿಗಳಲ್ಲಿ ಕೀಟನಾಶಕಕ್ಕೆ ಔಷಧಿ ಅಂತಲೇ ಹೆಸರು. ಗೊಬ್ಬರದ ಅಂಗಡಿಗೆ ಹೋಗಿ ಎಲೆ ಮುರುಟಿದೆ ಅಂದರೆ ಸಾಕು, ಒಂದು ಡಬ್ಬಿ ಕೈಗೆ ಬರುತ್ತದೆ. ಅದೇ ವಿಷವನ್ನು ಬೇರೆ ದೇಶ ನಿಷೇಧಿಸಿದೆಯೇ ಎಂದು ಕೇಳುವವರು ಕಡಿಮೆ. ಈ ಪ್ರಶ್ನೆಗೆ ಉತ್ತರ ಹೇಳಲೇಬೇಕು ಎಂಬ ನಿಯಮ ಒಂದು ಕಾಲದಲ್ಲಿ ದೇಶ ದೇಶಗಳ ನಡುವೆಯೂ ಇರಲಿಲ್ಲ.

1972ರಲ್ಲಿ ಅಮೆರಿಕ ತನ್ನ ಹೊಲಗಳಲ್ಲಿ ಡಿಡಿಟಿ ಬಳಕೆಯನ್ನು ಹೆಚ್ಚುಕಡಿಮೆ ಪೂರ್ತಿ ನಿಲ್ಲಿಸಿತು. ಆದರೆ ಹೊರದೇಶಕ್ಕೆ ಮಾರಲು ಅಡ್ಡಿ ಇರಲಿಲ್ಲ. ತಮ್ಮ ಮನೆಗೆ ಬೇಡವಾದ ವಿಷವನ್ನು ಬಡ ದೇಶಗಳಿಗೆ ಕಳಿಸುವುದು ಯಾವ ನ್ಯಾಯ ಎಂಬ ಕೂಗು ಎದ್ದಿತು. 1982ರಲ್ಲಿ ಮಲೇಷ್ಯಾದ ಪೆನಾಂಗ್‌ನಲ್ಲಿ ಹುಟ್ಟಿದ ಪೆಸ್ಟಿಸೈಡ್ ಆಕ್ಷನ್ ನೆಟ್‌ವರ್ಕ್ ಈ ಕೂಗಿಗೆ ಬಲ ಕೊಟ್ಟಿತು.

1985ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಕೀಟನಾಶಕಗಳ ಮಾರಾಟ, ಬಳಕೆಗೆ ಒಂದು ನೀತಿ ಸಂಹಿತೆ ತಂದಿತು. ಅದಕ್ಕೆ ಕಾನೂನಿನ ಬಲವಿಲ್ಲ. ಮುರಿದರೆ ದಂಡವಿಲ್ಲ, ಕೋರ್ಟಿಲ್ಲ. ನಮ್ಮೂರ ಕಟ್ಟೆಯ ಮೇಲೆ ಹಿರಿಯರು ಕೂತು ‘ಕೆರೆ ಏರಿ ಮೇಲೆ ಯಾರೂ ದನ ಮೇಯಿಸಬಾರದು’ ಎಂದು ತೀರ್ಮಾನಿಸಿದ ಹಾಗೆ. ಪೊಲೀಸರು ಬರುವುದಿಲ್ಲ, ಆದರೆ ಮಾತು ಮುರಿದವನು ನಾಲ್ಕು ಜನರಿಗೆ ಮುಖ ತೋರಿಸಬೇಕು.

ಆ ಸಂಹಿತೆಯಲ್ಲಿ ನಮ್ಮಂಥವರಿಗಾಗಿಯೇ ಬರೆದಂತಿರುವ ಮಾತೊಂದಿದೆ. ಮೈತುಂಬ ದುಬಾರಿ ರಕ್ಷಣಾ ಉಡುಪು ತೊಟ್ಟೇ ಹೊಡೆಯಬೇಕಾದಂಥ ವಿಷವನ್ನು ಬಿಸಿಲ ನಾಡಿನ ಸಣ್ಣ ರೈತರಿಗೆ ಕೊಡುವುದನ್ನು ತಪ್ಪಿಸಬೇಕು ಎಂಬುದು ಅದರ ಸಾರ.

ಆದರೆ ‘ಮೊದಲು ಕೇಳಿ, ಒಪ್ಪಿದರೆ ಮಾತ್ರ ಕಳಿಸಿ’ ಎಂಬ ಮುಖ್ಯ ಅಂಶ 1985ರ ಅಂತಿಮ ಪ್ರತಿಯಲ್ಲಿ ಉಳಿಯಲಿಲ್ಲ. ಒತ್ತಡ ಮುಂದುವರಿದು 1989ರಲ್ಲಿ ಅದು ಸೇರಿತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವೂ ತನ್ನ ಲಂಡನ್ ಮಾರ್ಗಸೂಚಿಯಲ್ಲಿ ಅದೇ ವರ್ಷ ಇದನ್ನು ಸೇರಿಸಿಕೊಂಡಿತು. ಪ್ರತಿ ದೇಶವೂ ಒಂದು ಕಚೇರಿಯನ್ನು ಗುರುತಿಸಬೇಕು. ಅಪಾಯಕಾರಿ ರಾಸಾಯನಿಕದ ಪೂರ್ತಿ ವಿವರ ಆ ಕಚೇರಿಗೆ ಬರುತ್ತದೆ. ಬೇಕು, ಬೇಡ, ಇಲ್ಲವೇ ಇಂಥ ಷರತ್ತಿನ ಮೇಲೆ ಬೇಕು ಎಂದು ದೇಶ ಹೇಳುತ್ತದೆ. ಆ ಉತ್ತರವನ್ನು ಮಾರುವ ದೇಶಗಳಿಗೆ ತಿಳಿಸಲಾಗುತ್ತದೆ.

ದಂಡದ ಭಯವಿಲ್ಲದ್ದರಿಂದ ಹ್ಞೂಂ ಅನ್ನಲು ದೇಶಗಳಿಗೆ ಕಷ್ಟವಾಗಲಿಲ್ಲ. ಕಚೇರಿಗಳು ಹುಟ್ಟಿಕೊಂಡವು, ಪಟ್ಟಿ ತಯಾರಾಯಿತು, ಕೇಳುವ ರೂಢಿ ಬಂತು. 1992ರ ರಿಯೊ ಸಮಾವೇಶ ಇದನ್ನು ಕಾನೂನಾಗಿಸಬೇಕು ಎಂದಿತು. 1998ರಲ್ಲಿ ರೋಟರ್‌ಡ್ಯಾಮ್ ಒಪ್ಪಂದಕ್ಕೆ ಸಹಿ ಬಿತ್ತು, 2004ರಲ್ಲಿ ಅದು ಜಾರಿಗೆ ಬಂತು, 2005ರಲ್ಲಿ ಭಾರತ ಸೇರಿತು. ಹಳೆಯ ಸ್ವಯಂಪ್ರೇರಿತ ವ್ಯವಸ್ಥೆಯ ಪಟ್ಟಿಯಲ್ಲಿದ್ದ 27 ರಾಸಾಯನಿಕಗಳೇ ಹೊಸ ಕಾನೂನಿನ ಮೊದಲ ಪಟ್ಟಿಯಾದವು. ಕಟ್ಟೆಯ ಮಾತೇ ಕಾಗದಕ್ಕೆ ಇಳಿಯಿತು.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ. ಆದರೆ ಆ ಪಟ್ಟಿಯಲ್ಲಿ ಎಂಡೋಸಲ್ಫಾನ್ ಇರಲಿಲ್ಲ.

ಒಪ್ಪಂದಗಳ ಮಾತು ನಡೆಯುತ್ತಿದ್ದ ಆ ವರ್ಷಗಳಲ್ಲೇ ಕಾಸರಗೋಡಿನಲ್ಲೂ ನಮ್ಮ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಕಡೆಯಲ್ಲೂ ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ಎಂಡೋಸಲ್ಫಾನ್ ಸುರಿಸುತ್ತಿತ್ತು. ತೋಟದ ಪಕ್ಕವೇ ಮನೆ, ಬಾವಿ, ಶಾಲೆ. ಅಂಗವೈಕಲ್ಯದ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡ ತಾಯಂದಿರು ವರ್ಷಗಟ್ಟಲೆ ಕಚೇರಿಗಳ ಮೆಟ್ಟಿಲು ಹತ್ತಿದರು. ಕೊನೆಗೆ ಸರ್ಕಾರಗಳು ಸಂತ್ರಸ್ತರ ಪಟ್ಟಿ ಮಾಡಿ ಮಾಸಾಶನ ಕೊಡಬೇಕಾಯಿತು.

ಕಾನೂನು ಬಂದ ಮೇಲೂ ಎಲ್ಲ ಸಲೀಸಾಗಲಿಲ್ಲ. ರೋಟರ್‌ಡ್ಯಾಮ್ ಪಟ್ಟಿಗೆ ಹೊಸ ಹೆಸರು ಸೇರಲು ಎಲ್ಲ ಸದಸ್ಯ ದೇಶಗಳ ಒಮ್ಮತ ಬೇಕು. 2008ರಲ್ಲಿ ರೋಮ್‌ನಲ್ಲಿ ಎಂಡೋಸಲ್ಫಾನ್ ವಿಷಯ ಬಂದಾಗ ಬೇಡ ಎಂದವರಲ್ಲಿ ಭಾರತವೂ ಇತ್ತು. ಆಗ ನಮ್ಮ ದೇಶವೇ ಅದನ್ನು ತಯಾರಿಸಿ ಮಾರುತ್ತಿತ್ತು. 2011ರ ಫೆಬ್ರವರಿಯಲ್ಲಿ ಕರ್ನಾಟಕ ನಿಷೇಧ ಹೇರಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶಾದ್ಯಂತ ತಡೆ ನೀಡಿತು. ಜೂನ್‌ನಲ್ಲಿ ಅದು ರೋಟರ್‌ಡ್ಯಾಮ್ ಪಟ್ಟಿಗೂ ಸೇರಿತು.

ಹಾಗಾದರೆ ದಂಡವಿಲ್ಲದ ಒಪ್ಪಂದದಿಂದ ಏನು ಉಪಯೋಗ ಎಂದು ನೀವು ಕೇಳಬಹುದು. ನಮಗೆ ಕಂಡದ್ದು ಇಷ್ಟು: ಅದು ದಾರಿ ಮಾಡುತ್ತದೆ, ಆದರೆ ತಾನೇ ನಡೆಯುವುದಿಲ್ಲ. ಪೆನಾಂಗ್‌ನಲ್ಲಿ ಸೇರಿದವರು, ಕೊಕ್ಕಡದ ತಾಯಂದಿರು, ಹೀಗೆ ಯಾರಾದರೂ ತಳ್ಳಬೇಕು. ತಳ್ಳುವವರಿಲ್ಲದಿದ್ದರೆ ಸಹಿ ಬಿದ್ದ ಕಾನೂನೂ ಕೂತಲ್ಲೇ ಕೂರುತ್ತದೆ. ತಡವಾದ ಒಂದೊಂದು ವರ್ಷದ ಬೆಲೆಯನ್ನು ತೆರುವವರು ಹೊಲದಲ್ಲಿ ಇರುವವರು.

ಆ ನೀತಿ ಸಂಹಿತೆ ತಿದ್ದುಪಡಿಗಳೊಂದಿಗೆ ಇಂದಿಗೂ ಇದೆ, ಇಂದಿಗೂ ಸ್ವಯಂಪ್ರೇರಿತವೇ. ನಾವು ವರದಿಗೆ ಹೋದ ಕಡೆಯೆಲ್ಲ ಬಿಸಿಲಲ್ಲಿ ಮೂಗಿಗೆ ಟವೆಲ್ ಕಟ್ಟಿಕೊಂಡು, ಬರಿಗಾಲಲ್ಲಿ ಔಷಧಿ ಹೊಡೆಯುವವರನ್ನು ನೋಡುತ್ತೇವೆ. ಮುಂದಿನ ಸಲ ಅಂಗಡಿಯಲ್ಲಿ ಡಬ್ಬಿ ತಿರುಗಿಸಿ ನೋಡಿ. ಕೆಂಪು ಗುರುತಿದ್ದರೆ ಅದು ಅತ್ಯಂತ ತೀಕ್ಷ್ಣ ವಿಷ. ಇದಕ್ಕಿಂತ ಕಡಿಮೆ ವಿಷದ್ದು ಇಲ್ಲವೇ ಎಂದು ಕೇಳಿ. ನೀವು ಕೇಳಬಾರದು ಎಂಬ ಕಾನೂನಂತೂ ಎಲ್ಲೂ ಇಲ್ಲ.