ಸರ್ನ್‌ನ ಮೊದಲ ವೆಬ್ ಸರ್ವರುಗಳು

ಜಿನೀವಾ ಬಳಿಯ ಸರ್ನ್ ಭೌತವಿಜ್ಞಾನ ಪ್ರಯೋಗಾಲಯದಲ್ಲಿ 1980ರ ದಶಕದಲ್ಲಿ ಮಾಹಿತಿಗೇನೂ ಬರವಿರಲಿಲ್ಲ. ಅದು ಯಾವ ಕಂಪ್ಯೂಟರಿನಲ್ಲಿದೆ ಎಂದು ತಿಳಿಯುವುದೇ ಕಷ್ಟವಾಗಿತ್ತು. ಹಲವು ದೇಶಗಳಿಂದ ಬಂದ ಸಂಶೋಧಕರು ಒಂದೆರಡು ವರ್ಷ ದುಡಿದು ಹೊರಟರೆ ಅವರ ತಿಳಿವಳಿಕೆಯೂ ಅವರೊಂದಿಗೇ ಹೋಗುತ್ತಿತ್ತು. 1989ರ ಮಾರ್ಚ್‌ನಲ್ಲಿ ಅಲ್ಲೇ ಕೆಲಸ ಮಾಡುತ್ತಿದ್ದ ಟಿಮ್ ಬರ್ನರ್ಸ್-ಲೀ ಇದಕ್ಕೊಂದು ಪರಿಹಾರ ಸೂಚಿಸಿದರು. ಎಲ್ಲವನ್ನೂ ಒಂದೇ ಕಡೆ ರಾಶಿ ಹಾಕಬೇಕೆಂಬ ಹಟ ಅದರಲ್ಲಿರಲಿಲ್ಲ. ಮಾಹಿತಿ ಇದ್ದಲ್ಲೇ ಇರಲಿ, ಕೊಂಡಿಗಳು ಅದನ್ನು ಬೆಸೆಯಲಿ ಎಂಬುದೇ ಅದರ ತಿರುಳು. ಅವರ ಮೇಲಧಿಕಾರಿ ಮೈಕ್ ಸೆಂಡಾಲ್ ಅವರಿಗೆ ಈ ಪ್ರಸ್ತಾವ ಅಸ್ಪಷ್ಟವೆನಿಸಿತು, ಆದರೂ ಕುತೂಹಲ ಕೆರಳಿಸಿತು.

ಈ ಪ್ರಸ್ತಾವವೇ ವೆಬ್ ಆಗಿ ರೂಪುಗೊಂಡು, 1990ರ ಕೊನೆಗೆ ನೆಕ್ಸ್ಟ್ ಕಂಪ್ಯೂಟರೊಂದರಲ್ಲಿ ಅದರ ಮೊದಲ ಸರ್ವರ್ ಓಡತೊಡಗಿತು. ಯಾರೂ ಆಫ್ ಮಾಡದಿರಲೆಂದು ಅದಕ್ಕೆ ಕೆಂಪು ಶಾಯಿಯಲ್ಲಿ ಬರೆದ ಚೀಟಿ ಅಂಟಿಸಲಾಗಿತ್ತು. ಆದರೆ ಪ್ರಯೋಗಾಲಯದ ಜನರನ್ನು ವೆಬ್ಬಿಗೆ ಎಳೆತಂದದ್ದು ಭೌತವಿಜ್ಞಾನವಲ್ಲ, ಟೆಲಿಫೋನ್ ಡೈರೆಕ್ಟರಿ! ಮೇನ್‌ಫ್ರೇಮಿನಲ್ಲಿದ್ದ ಆ ಪಟ್ಟಿಯ ಎದುರು ಸರ್ವರೊಂದನ್ನು ಕೂರಿಸಿದ್ದೇ, ಬೇರೆ ಬಗೆಯ ಕಂಪ್ಯೂಟರುಗಳಿಂದಲೂ ನಂಬರು ಹುಡುಕಬಹುದಾಯಿತು. ಹಳೆಯ ದತ್ತಾಂಶವನ್ನು ಕದಲಿಸದೆ ಮುಂದೊಂದು ಬಾಗಿಲು ತೆರೆಯುವ ಈ ಜಾಣತನವೇ ಮುಂದೆ ಎಷ್ಟೋ ಕಚೇರಿಗಳ ಒಳಜಾಲಗಳಿಗೆ ದಾರಿಯಾಯಿತು.

1991ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವೇಗವರ್ಧಕ ಕೇಂದ್ರವೂ ತನ್ನ ಸಂಶೋಧನಾ ಲೇಖನಗಳ ಸೂಚಿಗೆ ಇಂಥದೇ ಸರ್ವರ್ ಜೋಡಿಸಿತು. 1993ರ ಏಪ್ರಿಲ್ 30ರಂದು ಸರ್ನ್ ವೆಬ್ಬಿನ ತಂತ್ರಾಂಶವನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟಿತು.