ಕರಾವಳಿಯ ಇಗರ್ಜಿಗಳಲ್ಲಿ ನಲವತ್ತು ದಿನ

ಸಾಮಾನ್ಯವಾಗಿ ಮಾಘ ಮುಗಿದು ಫಾಲ್ಗುಣ ಕಾಲಿಡುವ ಹೊತ್ತಿಗೆ, ಒಂದು ಬುಧವಾರದ ಬೆಳಗ್ಗೆ, ಮಂಗಳೂರು, ಉಡುಪಿ, ಕಾರ್ಕಳಗಳ ಪೇಟೆಬೀದಿಯಲ್ಲಿ ಹಣೆಯ ಮೇಲೆ ಬೂದಿಯ ಗುರುತು ಧರಿಸಿ ಇಗರ್ಜಿಯಿಂದ ಮರಳುವ ಕ್ರೈಸ್ತ ಬಂಧುಗಳನ್ನು ನೀವು ನೋಡಿರಬಹುದು. ಅವರಿಗೆ ಅಂದು ಬೂದಿ ಬುಧವಾರ. ವಿಭೂತಿ ಬುಧವಾರವೆಂದೂ ಕನ್ನಡದಲ್ಲಿ ಕರೆಯುವುದುಂಟು. ಅಂದಿನಿಂದ ಈಸ್ಟರ್ ಹಬ್ಬದವರೆಗೆ ಅವರ ತಪಸ್ಸುಕಾಲ. ಹಣೆಗೆ ಹಚ್ಚುವ ಬೂದಿ ಎಲ್ಲಿಂದ ಬಂತು ಬಲ್ಲಿರಾ? ಹಿಂದಿನ ವರ್ಷ ಗರಿಗಳ ಭಾನುವಾರ ಮಂತ್ರಿಸಿ ಹಂಚಿದ ಗರಿಗಳನ್ನು ಮನೆಮನೆಯವರು ವರ್ಷವಿಡೀ ಇಟ್ಟುಕೊಂಡು, ಒಣಗಿದ ಮೇಲೆ ಇಗರ್ಜಿಗೆ ತಂದೊಪ್ಪಿಸುತ್ತಾರೆ. ಅವನ್ನು ಸುಟ್ಟ ಬೂದಿಯೇ ಅದು.

ಈ ಕಾಲಕ್ಕೆ ಕೊಂಕಣಿ ಮಾತಾಡುವ ಕ್ರೈಸ್ತರು ‘ಕರೆಜ್ಮ್’ ಎನ್ನುತ್ತಾರೆ. ಪೋರ್ತುಗೀಸ್ ಭಾಷೆಯ ‘ಕ್ವಾರೆಸ್ಮ’ ಎಂಬ ಮಾತಿನ ತದ್ಭವ ಇದು. ಅದರ ಲ್ಯಾಟಿನ್ ಮೂಲಕ್ಕೆ ನಲವತ್ತನೆಯದು ಎಂದರ್ಥ. ಯೇಸುಕ್ರಿಸ್ತ ಅರಣ್ಯದಲ್ಲಿ ನಲವತ್ತು ದಿನ ಉಪವಾಸವಿದ್ದುದರ ಸ್ಮರಣೆ. ಆದರೆ ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ ಎಣಿಸಿ ನೋಡಿದರೆ 46 ದಿನಗಳಾಗುತ್ತವೆ. ನಡುವೆ ಬರುವ 6 ಭಾನುವಾರಗಳು ಉಪವಾಸದ ದಿನಗಳಲ್ಲವಾದ್ದರಿಂದ ಅವನ್ನು ಕಳೆಯಬೇಕು. ಆಗ ನಲವತ್ತು ಸರಿಹೋಗುತ್ತದೆ. ಈಸ್ಟರ್ ದಿನವನ್ನು ಗೊತ್ತುಮಾಡುವುದೂ ನಮ್ಮ ಪಂಚಾಂಗದವರಿಗೆ ಅಪರಿಚಿತವಾದ ಲೆಕ್ಕವಲ್ಲ. ಮಾರ್ಚ್ 21ರಂದು ಅಥವಾ ಅನಂತರ ಬರುವ ಮೊದಲ ಹುಣ್ಣಿಮೆ ಕಳೆದ ಭಾನುವಾರವೇ ಈಸ್ಟರ್. ಸೂರ್ಯನನ್ನೂ ಚಂದ್ರನನ್ನೂ ಒಟ್ಟಿಗೆ ಹಿಡಿದು ನಡೆಯುವ ಲೆಕ್ಕವಾದ್ದರಿಂದಲೇ ಯುಗಾದಿಯಂತೆ ಇದೂ ಇಂಗ್ಲಿಷ್ ತಾರೀಖಿನಲ್ಲಿ ವರ್ಷ ವರ್ಷವೂ ಹಿಂದು ಮುಂದಾಗುತ್ತದೆ.

ಇಲ್ಲಿ ಎರಡು ಶಬ್ದಗಳ ಅರ್ಥವನ್ನು ನಿಮ್ಮ ಮುಂದಿಡಬೇಕೆನಿಸುತ್ತದೆ. ‘ಉಪವಾಸ’ವೆಂದರೆ ಊಟ ಬಿಡುವುದು ಎಂದು ನಾವು ಬಳಸುತ್ತೇವೆ. ಶಬ್ದವನ್ನು ಬಿಡಿಸಿದರೆ ಉಪ ಎಂದರೆ ಸಮೀಪ, ವಾಸ ಎಂದರೆ ಇರುವುದು, ಸಮೀಪದಲ್ಲಿರುವುದೇ ಉಪವಾಸ. ಇನ್ನು ಒಂದು ಇಗರ್ಜಿಗೆ ಸೇರಿದ ಊರುಕೇರಿಗೆ ಇಂಗ್ಲಿಷಿನಲ್ಲಿ ‘ಪ್ಯಾರಿಷ್’ ಎನ್ನುತ್ತಾರೆ; ಕನ್ನಡ ಕ್ರೈಸ್ತರು ಧರ್ಮಕೇಂದ್ರವೆನ್ನುತ್ತಾರೆ. ‘ಪ್ಯಾರಿಷ್’ ಎಂಬುದರ ಗ್ರೀಕ್ ಮೂಲ ‘ಪರೊಯಿಕಿಯ’. ಅದಕ್ಕೂ ಪಕ್ಕದಲ್ಲಿ ವಾಸಿಸುವುದು ಎಂದೇ ಅರ್ಥ. ಪರಸ್ಥಳದಲ್ಲಿ ತಂಗಿರುವುದು ಎಂಬ ಇನ್ನೊಂದು ಅರ್ಥವೂ ಆ ಮಾತಿಗಿದೆ. ಈ ಎರಡನೆಯ ಅರ್ಥ ನಮ್ಮ ಕರಾವಳಿಯ ಕ್ರೈಸ್ತರ ಪಾಲಿಗೆ ಒಮ್ಮೆ ನಿಜವಾಯಿತು. ಅದೂ ಈ ನಲವತ್ತು ದಿನಗಳಲ್ಲಿಯೇ. ಆ ಕಥೆಗೆ ಬರುವ ಮುನ್ನ ಅವರ ಹಿಂದಿನ ಜೀವನಕ್ರಮವನ್ನು ಸ್ವಲ್ಪ ನೋಡೋಣ.

ಗೋವೆಯಿಂದ ಕೆನರಾ ಸೀಮೆಗೆ ಕ್ರೈಸ್ತ ಕುಟುಂಬಗಳು 16ನೆಯ ಶತಮಾನದಿಂದ ಮೊದಲುಗೊಂಡು ತಂಡತಂಡವಾಗಿ ಬಂದು ನೆಲಸಿದವು. ಮಂಗಳೂರಿನ ರೊಸಾರಿಯೊ ಇಗರ್ಜಿ 1568ರಲ್ಲಿಯೂ ಮಿಲಾಗ್ರಿಸ್ ಇಗರ್ಜಿ 1680ರಲ್ಲಿಯೂ ಸ್ಥಾಪನೆಯಾದವು. ಬಂದವರಲ್ಲಿ ಬಹುಮಂದಿ ಬೇಸಾಯಗಾರರು. ಒಂದೊಂದು ಇಗರ್ಜಿಯ ವ್ಯಾಪ್ತಿಯನ್ನು ವಾಡೊ ಎಂಬ ಕೇರಿಗಳಾಗಿ ವಿಂಗಡಿಸಿ, ಒಂದೊಂದು ವಾಡೊಗೂ ಗುರ್ಕಾರನೆಂಬ ಹಿರಿಯನನ್ನು ನೇಮಿಸುವ ಪದ್ಧತಿ ಅವರಲ್ಲಿ ಬೆಳೆಯಿತು. ಕೇರಿಯ ಜಗಳಗಳನ್ನು ಬಗೆಹರಿಸುವುದು, ಇಗರ್ಜಿಯ ಕಾರ್ಯಗಳಿಗೆ ಜನರನ್ನು ಕೂಡಿಸುವುದು ಇವೆಲ್ಲ ಆತನ ಹೊಣೆ. ನಮ್ಮ ಗ್ರಾಮಗಳ ಗುರಿಕಾರನೇ ಅಲ್ಲಿ ಗುರ್ಕಾರನಾಗಿದ್ದಾನೆಂಬುದನ್ನು ಹೇಳಬೇಕಾಗಿಲ್ಲ.

ತಪಸ್ಸುಕಾಲ ಬಂತೆಂದರೆ ಊರಿನ ಚಹರೆಯೇ ಬದಲಾಗುತ್ತಿತ್ತು. ಹಳೆಯ ನಿಯಮದಂತೆ ಉಪವಾಸದ ದಿನ ಒಂದೇ ಪೂರ್ಣ ಭೋಜನ. ಸಡಗರದ ಮದುವೆಗಳಿಲ್ಲ. ಪೂಜಾಪೀಠದ ಮೇಲೆ ಹೂವಿಲ್ಲ. ಪಾದ್ರಿಯ ಮೇಲಂಗಿ ನೇರಳೆ ಬಣ್ಣದ್ದು. ಕೊನೆಯ ವಾರಗಳಲ್ಲಿ ಇಗರ್ಜಿಯ ಪ್ರತಿಮೆಗಳನ್ನೂ ನೇರಳೆ ಬಟ್ಟೆಯಿಂದ ಮುಚ್ಚುತ್ತಿದ್ದರು. ಶುಕ್ರವಾರಗಳಂದು ಶಿಲುಬೆಯ ಹಾದಿ. ಯೇಸುವಿನ ಕಡೆಯ ನಡಿಗೆಯನ್ನು ನೆನೆಯುತ್ತ 14 ಕಡೆ ನಿಂತು ಪ್ರಾರ್ಥಿಸುವ ಕ್ರಮ. ಈ 14ರ ಸಂಖ್ಯೆಯನ್ನು 1731ರಲ್ಲಿ ರೋಮಿನ ಜಗದ್ಗುರು ಹನ್ನೆರಡನೆಯ ಕ್ಲೆಮೆಂಟರು ಸ್ಥಿರಪಡಿಸಿದರು. ಪವಿತ್ರ ಗುರುವಾರದ ಪೂಜೆಯ ನಡುವೆ ಗಂಟೆಗಳು ಮೌನವಾದರೆ ಈಸ್ಟರ್ ಜಾಗರಣೆಯವರೆಗೆ ಅವು ಬಾಯಿ ಬಿಡುವಂತಿಲ್ಲ. ಅಷ್ಟರವರೆಗೆ ಮರದ ಗಿಲಕಿಯ ಸದ್ದೇ ಜನರನ್ನು ಕರೆಯುತ್ತಿತ್ತು. ಉಪವಾಸ, ಪ್ರಾರ್ಥನೆ, ದಾನ ಈ ಮೂರೂ ಕೂಡಿದರೇ ವ್ರತ ಪೂರ್ಣವೆಂಬುದು ಅವರ ಶಾಸ್ತ್ರ. ತನ್ನ ತಟ್ಟೆಯಲ್ಲಿ ಉಳಿಸಿದ್ದು ಇಲ್ಲದವನ ತಟ್ಟೆಗೆ ಹೋಗಬೇಕು. ಹೋಗದಿದ್ದರೆ ಅದು ಬರಿಯ ಉಳಿತಾಯವಾದೀತು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಇಗರ್ಜಿಯ ಪೂಜೆ ಆಗ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ಒಕ್ಕಲುಮಕ್ಕಳಿಗೆ ಅದು ತಿಳಿಯುವುದೆಂತು? ಪೂಜೆಯ ಹೊರಗಿನ ಭಕ್ತಿಯಲ್ಲಿ, ಅದರಲ್ಲೂ ತಪಸ್ಸುಕಾಲದ ಹಾಡು ಪಾರಾಯಣಗಳಲ್ಲಿ, ಅವರ ಸ್ವಂತ ಭಾಷೆಗೆ ಜಾಗ ದೊರೆಯಿತು. ಇದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇನೆ.

ಮೊದಲನೆಯದು ‘ಕ್ರಿಸ್ತಪುರಾಣ’. ಇಂಗ್ಲೆಂಡಿನಲ್ಲಿ ಹುಟ್ಟಿ 1579ರಲ್ಲಿ ಗೋವೆಗೆ ಬಂದ ಥಾಮಸ್ ಸ್ಟೀಫನ್ಸ್ ಎಂಬ ಜೆಸ್ವಿಟ್ ಪಾದ್ರಿ ಇದರ ಕರ್ತೃ. ಹೊಸದಾಗಿ ಕ್ರೈಸ್ತರಾದವರು, ತಾವು ಹಿಂದೆ ಕೇಳುತ್ತಿದ್ದ ಪುರಾಣಗಳು ತಪ್ಪಿಹೋದವು, ಅವುಗಳ ಬದಲಿಗೆ ಕೇಳಲು ನಮಗೇನಿದೆ ಎಂದು ಕೇಳಿದರಂತೆ. ಅದಕ್ಕೆ ಉತ್ತರವಾಗಿ ಆತ ಮರಾಠಿಯಲ್ಲಿ, ಓವಿ ಛಂದಸ್ಸಿನಲ್ಲಿ, ಸುಮಾರು 11,000 ಪದ್ಯಗಳ ಪುರಾಣವನ್ನು ರಚಿಸಿದ. ಅದು 1616ರಲ್ಲಿ ಗೋವೆಯ ರಾಚೋಲಿನಲ್ಲಿ ಅಚ್ಚಾಯಿತು. ಆತ 1619ರಲ್ಲಿ ತೀರಿಕೊಂಡ ಮೇಲೂ 1649ರಲ್ಲಿ, 1654ರಲ್ಲಿ ಮರುಮುದ್ರಣಗಳಾದವು. ಭಾನುವಾರ, ಹಬ್ಬಹರಿದಿನಗಳಲ್ಲಿ ಇಗರ್ಜಿಯಲ್ಲಿ ಕುಳಿತು ಇದನ್ನು ಓದಿ ಕೇಳಿಸುತ್ತಿದ್ದರು. ಕುಮಾರವ್ಯಾಸನ ಭಾರತವನ್ನು ಊರಿನ ಚಾವಡಿಯಲ್ಲಿ ಓದಿಸಿ ಕೇಳಿದ ನಾಡಿನವರಾದ ನಿಮಗೆ ಆ ದೃಶ್ಯವನ್ನು ಊಹಿಸುವುದು ಕಷ್ಟವಲ್ಲ. 1684ರಲ್ಲಿ ಪೋರ್ತುಗೀಸ್ ಸರಕಾರ ಗೋವೆಯಲ್ಲಿ ದೇಶಭಾಷೆಯ ಬಳಕೆಯ ವಿರುದ್ಧ ಆಜ್ಞೆ ಹೊರಡಿಸಿತು. ಕೆನರಾ ಅವರ ಆಳ್ವಿಕೆಗೆ ಸೇರಿರಲಿಲ್ಲ. ಅದು ಕೆಳದಿ ಅರಸರ ನಾಡು. ಇಲ್ಲಿನ ಮನೆಗಳಲ್ಲಿ ಪುರಾಣದ ಕೈಬರಹದ ಪ್ರತಿಗಳು ಉಳಿದುಕೊಂಡವು.

ಎರಡನೆಯದು ಒಂದು ಹಾಡು. ಗೋವೆಯಲ್ಲಿ ಹುಟ್ಟಿದ ಜೋಕಿಂ ಮಿರಾಂದ ಎಂಬ ಪಾದ್ರಿ 18ನೆಯ ಶತಮಾನದಲ್ಲಿ, ನೇತ್ರಾವತಿಯ ದಡದ ಫರಂಗಿಪೇಟೆಯ ಮೊಂತೆ ಮರಿಯಾನೊ ಮಠದಲ್ಲಿದ್ದಾಗ, ‘ರಿಗ್ಲೊ ಜೆಜು ಮೊಳ್ಯಾಂತು’ ಎಂಬ ಕೊಂಕಣಿ ಕೃತಿಯನ್ನು ರಚಿಸಿದ. ಯೇಸು ತೋಟವನ್ನು ಹೊಕ್ಕ ಎಂಬುದು ಅದರ ಅರ್ಥ. ಹಿಡಿದುಕೊಡುವವನು ಬರುವ ಮುನ್ನ, ಶಿಷ್ಯರು ನಿದ್ದೆಹೋಗಿರಲು, ತೋಟದಲ್ಲಿ ಒಬ್ಬನೇ ಪ್ರಾರ್ಥಿಸಿದ ಆ ರಾತ್ರಿಯಿಂದ ಹಾಡು ತೊಡಗುತ್ತದೆ. ತಪಸ್ಸುಕಾಲದ ಹಾಡೆಂದರೆ ಮಂಗಳೂರಿನ ಕ್ರೈಸ್ತರಿಗೆ ಮೊದಲು ನೆನಪಾಗುವುದು ಇದು.

ಇನ್ನು 1784ರ ಸಂಗತಿ. ಮೈಸೂರಿಗೂ ಇಂಗ್ಲಿಷರಿಗೂ ನಡೆದ ಎರಡನೆಯ ಯುದ್ಧದಲ್ಲಿ, 1783ರಲ್ಲಿ ಇಂಗ್ಲಿಷರು ಮಂಗಳೂರನ್ನು ಹಿಡಿದರು. ಟಿಪ್ಪು ಸುಲ್ತಾನ್ ಕೋಟೆಗೆ ದೀರ್ಘ ಮುತ್ತಿಗೆ ಹಾಕಿ, 1784ರ ಜನವರಿ 30ರಂದು ಅದನ್ನು ಮರಳಿ ಪಡೆದ. ಕರಾವಳಿಯ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಆರೋಪ ಅವರ ತಲೆಯ ಮೇಲೆ ಬಂತು. ಆ ಆರೋಪದಲ್ಲಿ ನಿಜವೆಷ್ಟು, ರಾಜಕಾರಣವೆಷ್ಟು, ಮತದ ಪಾಲೆಷ್ಟು ಎಂಬ ಚರ್ಚೆ ಇತಿಹಾಸಕಾರರಲ್ಲಿ ನಡೆದೇ ಇದೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ. ಆದದ್ದು ಇಷ್ಟು: ಪಾದ್ರಿಗಳನ್ನು ಗಡೀಪಾರು ಮಾಡಲಾಯಿತು, ಇಗರ್ಜಿಗಳನ್ನು ಕೆಡವಲಾಯಿತು, ಸಾವಿರಾರು ಸಂಸಾರಗಳನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಸೆರೆಯಾದವರ ಸಂಖ್ಯೆಯನ್ನು 30,000ದಿಂದ 80,000ದವರೆಗೆ ಒಬ್ಬೊಬ್ಬರು ಒಂದೊಂದು ವಿಧವಾಗಿ ಹೇಳುತ್ತಾರೆ. ಮೂಡಬಿದಿರೆಯ ಬಳಿಯ ಹೊಸಪೇಟೆಯ ಇಗರ್ಜಿ ಮಾತ್ರ ಅಲ್ಲಿನ ಜೈನ ಅರಸರಾದ ಚೌಟರ ನೆರವಿನಿಂದ ಉಳಿಯಿತೆಂದು ಪ್ರತೀತಿಯಿದೆ.

ಸೆರೆಹಿಡಿದ ದಿನ ಯಾವುದು? ಬೂದಿ ಬುಧವಾರವೆಂದು ಆ ಜನರ ನೆನಪು ಹೇಳುತ್ತದೆ. ಅನೇಕ ಪುಸ್ತಕಗಳು ಅದಕ್ಕೆ ಫೆಬ್ರವರಿ 24 ಎಂದು ತಾರೀಖು ಕೊಡುತ್ತವೆ. ಆದರೆ ಮೇಲೆ ಹೇಳಿದ ಲೆಕ್ಕವನ್ನು ಹಾಕಿ ನೋಡಿ. 1784ರಲ್ಲಿ ಈಸ್ಟರ್ ಬಿದ್ದದ್ದು ಏಪ್ರಿಲ್ 11ರಂದು. ಅದು ಅಧಿಕ ವರ್ಷ, ಫೆಬ್ರವರಿಗೆ 29 ದಿನ. ಅಲ್ಲಿಂದ 46 ದಿನ ಹಿಂದಕ್ಕೆ ಎಣಿಸಿದರೆ ಬೂದಿ ಬುಧವಾರ ಬರುವುದು ಫೆಬ್ರವರಿ 25ಕ್ಕೆ, 24 ಮಂಗಳವಾರ. ಒಂದು ದಿನದ ಈ ಅಂತರ ದೊಡ್ಡದಲ್ಲ. ಆದರೂ ಅದರಿಂದ ಒಂದು ವಿಷಯ ಹೊಳೆಯುತ್ತದೆ. ಆ ಜನ ತಮ್ಮ ಕೇಡನ್ನು ತಾರೀಖಿನಿಂದ ನೆನಪಿಟ್ಟವರಲ್ಲ, ವ್ರತದಿಂದ ನೆನಪಿಟ್ಟವರು. ತಾರೀಖನ್ನು ಬರೆದಿಡಬೇಕು, ಬರೆದ ಕಾಗದ ಕಳೆದುಹೋಗುತ್ತದೆ. ವ್ರತವಾದರೋ ಪ್ರತಿವರ್ಷವೂ ತಾನಾಗಿ ಬಂದು ಬಾಗಿಲು ತಟ್ಟುತ್ತದೆ.

ಶ್ರೀರಂಗಪಟ್ಟಣಕ್ಕೆ ಸುಮಾರು 200 ಮೈಲಿಯ ದಾರಿ. ಕಾಡು, ಘಟ್ಟ, ಮಕ್ಕಳು, ಮುದುಕರು. ನಡಿಗೆಗೆ ಆರು ವಾರ ಹಿಡಿಯಿತೆಂದು ಹೇಳುತ್ತಾರೆ. ಹಾಗಾದರೆ ಆ ವರ್ಷದ ತಪಸ್ಸುಕಾಲ ಬಹುಪಾಲು ದಾರಿಯಲ್ಲಿಯೇ ಕಳೆದಿರಬೇಕು. ಅತ್ತ ಮಾರ್ಚ್ 11ರಂದು ಮಂಗಳೂರಿನ ಒಪ್ಪಂದಕ್ಕೆ ರುಜು ಬಿದ್ದು ಯುದ್ಧ ಮುಗಿದಿತ್ತು. ಇತ್ತ ಇವರಿಗೆ ಶಿಲುಬೆಯ ಹಾದಿಯ 14 ನಿಲ್ದಾಣಗಳನ್ನು ಗೋಡೆಯ ಚಿತ್ರಗಳಲ್ಲಿ ನೋಡುವ ಅಗತ್ಯವಿರಲಿಲ್ಲ. ದಾರಿಯಲ್ಲಿ ಹಲವರು ಸತ್ತರು. ಸೆರೆಯಲ್ಲಿ ಇನ್ನೂ ಹೆಚ್ಚು ಜನ ಸತ್ತರು. ಅನೇಕರನ್ನು ಬಲಾತ್ಕಾರದಿಂದ ಮತಾಂತರಿಸಿ ಸೈನ್ಯಕ್ಕೆ ಸೇರಿಸಲಾಯಿತು. ಹದಿನೈದು ವರ್ಷ ಹೀಗೆ ಕಳೆದು, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ, ಬದುಕಿ ಉಳಿದವರಿಗೆ ಬಿಡುಗಡೆಯಾಯಿತು.

ಪಾದ್ರಿಯಿಲ್ಲ, ಪೂಜೆಯಿಲ್ಲ, ಗಂಟೆಯಿಲ್ಲ. ಆ ಹದಿನೈದು ವರ್ಷ ಅವರ ಪಾಲಿಗೆ ಉಳಿದುದೇನು? ಕಂಠಪಾಠವಾಗಿದ್ದ ಪ್ರಾರ್ಥನೆ, ಹಾಡು, ಪುರಾಣದ ಓವಿ. ಸೆರೆಯಲ್ಲಿ ಕ್ರಿಸ್ತಪುರಾಣವೇ ಸಮಾಧಾನ ನೀಡಿತೆಂಬ ಹೇಳಿಕೆ ಮಂಗಳೂರಿನಲ್ಲಿ ಬಹುಕಾಲದಿಂದ ಉಂಟು. ಲ್ಯಾಟಿನ್ ಪೂಜೆಯನ್ನು ಪಾದ್ರಿಯಿಲ್ಲದೆ ನಡೆಸಲು ಬರುವುದಿಲ್ಲ. ತಾಯ್ನುಡಿಯ ಹಾಡನ್ನು ಅಜ್ಜಿಯೊಬ್ಬಳು ಮೊಮ್ಮಗಳಿಗೆ ಕತ್ತಲಲ್ಲಿಯೂ ಕಲಿಸಬಲ್ಲಳು. ಇಗರ್ಜಿ ಕಟ್ಟಡವಾಗಿದ್ದಾಗ ಕೆಡವಲು ಬಂತು. ನೆರೆಯವರು ನೆರೆಯವರ ಪಕ್ಕದಲ್ಲಿ ಕುಳಿತು ಹಾಡುವ ಇಗರ್ಜಿ ಉಳಿಯಿತು. ಪರಸ್ಥಳವಾಸ, ಸಮೀಪವಾಸ ಎಂಬ ಎರಡು ಅರ್ಥಗಳೂ ಅಲ್ಲಿ ಕೂಡಿಬಂದವು.

ಮರಳಿ ಬಂದವರಲ್ಲಿ ಅನೇಕರಿಗೆ ಅವರ ಹೊಲಮನೆಗಳು ಸುಲಭವಾಗಿ ಕೈಸೇರಲಿಲ್ಲ. ಆದರೂ 19ನೆಯ ಶತಮಾನದ ಆರಂಭದ ದಶಕಗಳಲ್ಲಿ ಇಗರ್ಜಿಗಳು ಒಂದೊಂದಾಗಿ ಮತ್ತೆ ಎದ್ದವು. 1907ರಲ್ಲಿ ಜೋಸೆಫ್ ಸಲ್ಡಾನ್ಹರು ಕೈಬರಹದ ಪ್ರತಿಗಳನ್ನು ಹೋಲಿಸಿ ಕ್ರಿಸ್ತಪುರಾಣವನ್ನು ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದರು. 17ನೆಯ ಶತಮಾನದ ಅಚ್ಚಿನ ಪ್ರತಿ ಒಂದೂ ದೊರೆತಿಲ್ಲವೆಂಬುದನ್ನು ನೆನೆದರೆ, ಆ ಮನೆಗಳವರು ಕಾಪಾಡಿದ್ದು ಎಂಥ ನಿಧಿಯೆಂದು ನಿಮಗೇ ತಿಳಿಯುತ್ತದೆ.

ಕಾಲಕ್ಕೆ ತಕ್ಕಂತೆ ತಪಸ್ಸುಕಾಲವೂ ಬದಲಾಗಿದೆ. ಹಿಂದೆ ಶನಿವಾರ ಬೆಳಗ್ಗೆಯೇ ಮುಗಿಯುತ್ತಿದ್ದ ಈಸ್ಟರ್ ಜಾಗರಣೆ 1956ರಿಂದ ಎಲ್ಲ ಕಡೆ ರಾತ್ರಿಗೆ ಮರಳಿತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಫಲವಾಗಿ ಪೂಜೆ ಕೊಂಕಣಿಯಲ್ಲಿ, ಕನ್ನಡದಲ್ಲಿ ನಡೆಯತೊಡಗಿತು. 1966ರಲ್ಲಿ ಉಪವಾಸದ ಕಟ್ಟಳೆ ಸಡಿಲವಾಗಿ, ಬೂದಿ ಬುಧವಾರ, ಶುಭ ಶುಕ್ರವಾರ ಈ ಎರಡೇ ದಿನ ಕಡ್ಡಾಯವೆಂದಾಯಿತು. ಉಳಿದ ದಿನಗಳ ವ್ರತ ಅವರವರ ಮನಸ್ಸಿಗೆ ಬಿಟ್ಟದ್ದು. ಕೊಂಕಣಿ ಹಾಡಿನ ಪುಸ್ತಕಗಳು ಮಂಗಳೂರಿನ ಕಡೆ ಕನ್ನಡ ಲಿಪಿಯಲ್ಲಿಯೇ ಅಚ್ಚಾಗುವುದರಿಂದ, ಆ ಹಾಡುಗಳ ಅಕ್ಷರ ನಮ್ಮದೇ. ಕಿವಿಗೊಟ್ಟರೆ ಅರ್ಥವೂ ದೂರದ್ದೇನಲ್ಲ.

ಗರಿಗಳ ಭಾನುವಾರ ಬಂದಾಗ ನಿಮ್ಮ ನೆರೆಯ ಕ್ರೈಸ್ತರ ಮನೆಯವರು ಕೈಯಲ್ಲಿ ಎಳೆಯ ಗರಿ ಹಿಡಿದು ಬರುವುದನ್ನು ನೋಡಿ. ಅವರು ಅದನ್ನು ಎಸೆಯುವುದಿಲ್ಲ. ಮನೆಯ ಶಿಲುಬೆಯ ಹಿಂದೆ ಸಿಕ್ಕಿಸಿಡುತ್ತಾರೆ. ಬರುವ ವರ್ಷದ ಬೂದಿಗೆ ಅದು ಬೇಕು.